ಹಸಿರು ಟೋಪಿ, ಎಂಟು ಹೊಲಿಗೆ

ಕ್ರೇಗ್‌ಬರ್ನ್, ಲ್ಯಾನಾರ್ಕ್‌ಶೈರ್
ಗುರುವಾರ, 12 ಫೆಬ್ರವರಿ 1931

ಪ್ರೀತಿಯ ಆರ್ಚೀ,

ಹೇಗಿದ್ದೀಯ? ತಲೆನೋವು ಇಳಿಯಿತೆ? ಮೈದಾನದ ಅಂಚಿನಲ್ಲಿ ನಿಲ್ಲುವಾಗ ಮಫ್ಲರ್ ಸುತ್ತಿಕೋ. ಫುಟ್‌ಬಾಲ್ ತಂಡದ ಮ್ಯಾನೇಜರ್ ಆದವನಿಗೆ ನೆಗಡಿ ಆಗುವುದಿಲ್ಲ ಅಂತೇನೂ ಇಲ್ಲವಲ್ಲ. ರೋನಾಗೆ ಎರಡನೇ ಹಲ್ಲು ಬರುತ್ತಿದೆ. ಅವಳೂ ಮಲಗುವುದಿಲ್ಲ, ನನ್ನನ್ನೂ ಮಲಗಗೊಡುವುದಿಲ್ಲ. ಈಗಷ್ಟೇ ಕಣ್ಣು ಮುಚ್ಚಿದ್ದಾಳೆ. ಗಂಜಿ ತಳ ಹಿಡಿದ ವಾಸನೆ ಬರುತ್ತಿದೆ, ಹಿಡಿಯಲಿ, ಏಳುವುದಿಲ್ಲ.

ಶನಿವಾರ ಸಂಜೆ ಎಂದಿನಂತೆ ಪ್ರಿಂಗಲ್ ತನ್ನ ಪತ್ರಿಕೆ ಅಂಗಡಿಯ ಕಿಟಕಿಗೆ ಫಲಿತಾಂಶ ಅಂಟಿಸಿದ. ನನ್ನನ್ನು ಕಂಡು, “ಏನ್ ಎಫೀ, ಈ ವಾರ ನಿನ್ ಗಂಡ ಸೋತಿಲ್ಲ ಕಣಮ್ಮಾ! ಹಿಮ ಬಿದ್ದು ಆಟಾನೇ ನಡೀಲಿಲ್ಲ, ಅದಕ್ಕೇ!” ಎಂದು ಕೂಗಿದ. ಗಣಿಯಿಂದ ಬಂದಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಮಂಗಳವಾರ ನಿನ್ನ ಪತ್ರ ಬಂತು. “ಶನಿವಾರದ ಆಟ ನೀನು ನೋಡಬೇಕಿತ್ತು” ಎಂದೇ ಶುರು. ಮಳೆ, ಕೆಸರು, ನೆನೆದು ಕಲ್ಲಾದ ಚೆಂಡು. ಇನ್ನೆರಡೇ ನಿಮಿಷ ಇರುವಾಗ ನೀನು ಎಗರಿ ತಲೆಯಲ್ಲಿ ಹೊಡೆದ ಗೋಲು. ಚೆಂಡಿನ ಚರ್ಮ ಬಿಗಿದ ಲೇಸು ಹಣೆ ಸೀಳಿ ಎಂಟು ಹೊಲಿಗೆ, ಇನ್ನೂ ಉರಿಯುತ್ತಿದೆ ಎಂದಿದ್ದೀಯ. ಆರ್ಚೀ, ನೀನು ಆಡುವುದು ಬಿಟ್ಟು ಬೂಟು ಕಳಚಿ ನಾಲ್ಕು ವರ್ಷವಾಯಿತು. ಆಮೇಲೆ ಬರೆದಿದ್ದೀಯ: ಹಸಿರು ಟೋಪಿಯ ಹುಡುಗಿಯೊಬ್ಬಳು ಬೇಲಿ ದಾಟಿ ಬಂದು ರಕ್ತ ಒರೆಸಿಕೊಳ್ಳಲು ಕರವಸ್ತ್ರ ಕೊಟ್ಟಳು, ಹೆಸರು ಕೇಳಲಿಲ್ಲ, ಒಗೆದು ಇಟ್ಟಿದ್ದೇನೆ, ಹೇಗೆ ಹಿಂತಿರುಗಿಸಲಿ?

ನಿಜ ಹೇಳುತ್ತೇನೆ, ಮೊದಲು ಹೊಟ್ಟೆಕಿಚ್ಚಾಯಿತು. ಹಸಿರು ಎಂಬ ಮಾತನ್ನು ಮತ್ತೊಮ್ಮೆ ಓದಿದೆ. ಅದು ನಾನು. ಹತ್ತು ವರ್ಷದ ಹಿಂದಿನ ಕೌಂಟಿ ಕಪ್ಪಿನ ಫೈನಲ್. ಕಾಲೇಜಿನ ರಜೆಗೆ ಬಂದಿದ್ದ ನನ್ನನ್ನು ಅಪ್ಪ ಕರೆದುಕೊಂಡು ಹೋಗಿದ್ದರು. ಅವತ್ತು ಹೊಲಿಗೆ ಹಾಕುವಾಗ ನೀನು “ಗೆದ್ವಾ?” ಎಂದು ಕೇಳಿದ್ದೆ. “ಲೋ, ಗೋಲು ಹೊಡ್ದೋನೇ ನೀನು ಕಣೋ!” ಎಂದು ಜೊತೆ ಆಡಿದವರೆಲ್ಲ ಬಿದ್ದುಬಿದ್ದು ನಕ್ಕಿದ್ದರು. ನಮ್ಮ ಮದುವೆಯಲ್ಲೂ ಅದೇ ಕಥೆ ಹೇಳಿ ನಗಿಸಿದರು, ನೀನೇ ಎಲ್ಲರಿಗಿಂತ ಜೋರಾಗಿ ನಕ್ಕೆ. ಆಮೇಲೆ ಗ್ಲಾಸ್ಗೊದ ಕ್ಲಬ್ಬು, ದಿನಾ ಬೆಳಿಗ್ಗೆ ಒದ್ದೆ ಚೆಂಡಿಗೆ ನಲವತ್ತು ಸಲ ತಲೆ ಕೊಡುವ ಅಭ್ಯಾಸ, ದೇಶದ ಪರ ಆಡಿದ ಆ ಒಂದೇ ಒಂದು ಆಟ. ನಿನ್ನ ಹಣೆಯನ್ನು ಊರಿನ ಆಸ್ತಿ ಎಂದು ಬರೆದ ಪತ್ರಿಕೆಯ ತುಣುಕನ್ನು ನಾನೇ ಕತ್ತರಿಸಿ ಇಟ್ಟಿದ್ದೆ. ಆ ಹಣೆಗೆ ಬಿದ್ದ ಪ್ರತಿ ಪೆಟ್ಟಿಗೂ ಚಪ್ಪಾಳೆ ತಟ್ಟಿದ್ದೆ. ಅದನ್ನು ನೆನೆದರೆ ನಿದ್ದೆ ಬರುವುದಿಲ್ಲ, ರೋನಾಳ ಹಲ್ಲಿನದು ನೆಪ.

ಪತ್ರದ ಕೊನೆಗೆ “ಮಾವನ ಕೆಮ್ಮು ಹೇಗಿದೆ?” ಎಂದು ಕೇಳಿದ್ದೀಯ. ನವೆಂಬರಿನಲ್ಲಿ ಅಪ್ಪನ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವಾಗ ಎರಡನೇ ಹಗ್ಗ ಹಿಡಿದವನು ನೀನು. ಯಾರು ಯಾವ ಹಗ್ಗ ಹಿಡಿಯಬೇಕೆಂದು ಹಂಚಿದ್ದ ಚೀಟಿಗಳಲ್ಲಿ ನಿನ್ನ ಹೆಸರಿನದು ಇನ್ನೂ ಒಲೆಯ ಮೇಲಿನ ಹಲಗೆಯಲ್ಲಿದೆ. ರೋನಾಳ ವಿಷಯ ಮಾತ್ರ ನೀನು ಒಂದು ಸಾಲೂ ಕೇಳಿಲ್ಲ.

ಪತ್ರವನ್ನು ಯಾರಿಗೂ ತೋರಿಸಿಲ್ಲ. “ಏನಂತಾನೆ ನಮ್ ಆರ್ಚಿ?” ಎಂದ ಪ್ರಿಂಗಲ್‌ಗೆ ಚೆನ್ನಾಗಿದ್ದಾನಂತೆ ಎಂದೆ. ಇಲ್ಲಿಂದ ಸುದ್ದಿ ನಿನ್ನ ಕ್ಲಬ್ಬಿನ ನಿರ್ದೇಶಕರ ಕಿವಿಗೆ ಬಿದ್ದರೆ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಆಟ ಬಿಟ್ಟರೆ ನಿನಗೆ ಬೇರೇನು ಗೊತ್ತು, ಆರ್ಚೀ?

ದೇವರು ನಿನ್ನನ್ನು ಕಾಯಲಿ. ಕೆಳಗಿನ ಗೀಟು ಮಗುವಿನ ಬೆರಳಿನದು.

ನಿನ್ನವಳೇ,
ಎಫಿ

ತಾ.ಕ.: ಅಂಚೆಯವನು ಬಾಗಿಲಲ್ಲಿದ್ದಾನೆ. ನಾಳೆ, ಶುಕ್ರವಾರ, ಮಧ್ಯಾಹ್ನ ಮೂರರ ರೈಲಿನಲ್ಲಿ ನಿನ್ನಲ್ಲಿಗೆ ಬಂದು ಇಳಿಯುತ್ತೇನೆ. ಅಲ್ಲಿಯವರೆಗೆ ಶನಿವಾರ ಆಡುವ ಹನ್ನೊಂದು ಜನರ ಪಟ್ಟಿ ಯಾರ ಕೈಗೂ ಕೊಡಬೇಡ, ಜೊತೆಗೆ ಕೂತು ಬರೆಯೋಣ. ಈ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ಸ್ಟೇಷನ್ನಿಗೆ ಬಾ, ಕರವಸ್ತ್ರ ತರುವುದನ್ನು ಮರೆಯಬೇಡ. ಹಸಿರು ಟೋಪಿ ಹಾಕಿಕೊಂಡಿರುತ್ತೇನೆ. ತೋಳಿನಲ್ಲಿರುವವಳು ರೋನಾ, ನಿನ್ನ ಮಗಳು.