ಮಾಂಗೆರೆಯೋ ಹೆಂಡರ್ಸನ್ನೋ

ಏಪ್ರಿಲ್ 8, ಸೋಮವಾರ. ಬೆಳಿಗ್ಗೆ 6
ಕೋಕೋ ಕಾಯಿಸಿದ್ದಾಯಿತು. ಹಂದಿಗಳಿಗೆ ತೆಂಗಿನಕಾಯಿ ಒಡೆದು ಹಾಕಿದ್ದಾಯಿತು. ಇರುವುದು ಮೂರು ಹಂದಿ, ನನಗೆ ಕಂಡದ್ದು ಐದು. ಎರಡು ಕಣ್ಣಿಗೂ ಪೊರೆ ಬಲಿತಿದೆ. ನಮ್ಮ ದ್ವೀಪದಿಂದ ಸಮುದ್ರದಾಚೆಗಿರುವ ಆಕ್ಲೆಂಡ್ ಆಸ್ಪತ್ರೆಯಿಂದ ಆಪರೇಷನ್ ದಿನ ಗೊತ್ತಾಗಿ ಬಂದಿದೆ — ಈ ತಿಂಗಳ ಮೂವತ್ತು. ಮೊದಲು ಎಡಗಣ್ಣು. ಮೂರು ವಾರ ಅಲ್ಲೇ ಇರಬೇಕಂತೆ. ಕತ್ತರಿಯ ಭಯವಿಲ್ಲ. ಯಾವ ಬಡಾವಣೆಯಲ್ಲಿ ಇಳಿದುಕೊಳ್ಳುವುದು ಎಂಬ ಭಯ.

ಅಕ್ಕ ಫೆಟುವಾವೊ ಇರುವುದು ಆಕ್ಲೆಂಡಿನ ದಕ್ಷಿಣಕ್ಕೆ, ಮಾಂಗೆರೆಯಲ್ಲಿ. ತಂಗಿ ಸಿಸಿಲಿಯಾ ಪಶ್ಚಿಮಕ್ಕೆ, ಹೆಂಡರ್ಸನ್‌ನಲ್ಲಿ. ಅಮ್ಮನನ್ನು ಮಣ್ಣು ಮಾಡಿದ ದಿನ ಪದ್ಧತಿಯಂತೆ ಪಾದ್ರಿಗೆ ಸಲ್ಲುವ ಬೆನ್ನಿನ ತುಂಡನ್ನು ಇಬ್ಬರಲ್ಲಿ ಯಾರ ಹಂದಿಯಿಂದ ಕೊಯ್ಯಬೇಕೆಂದು ಜಗಳವಾಗಿ ಇಬ್ಬರೂ ಮಾತು ಬಿಟ್ಟರು. ಆರು ವರ್ಷವಾಯಿತು. ಪಾದ್ರಿ ಆ ತುಂಡನ್ನು ತಿಂದು, ಅರಗಿಸಿಕೊಂಡು, ನಿವೃತ್ತರೂ ಆದರು. ಇವರಿಗೆ ಇನ್ನೂ ಅರಗಿಲ್ಲ. ಒಬ್ಬಳ ಮನೆಯಲ್ಲಿ ಮಲಗಿದರೆ ಇನ್ನೊಬ್ಬಳು ನನ್ನ ಜೊತೆಗೂ ಮಾತು ಬಿಡುತ್ತಾಳೆ. ನನಗಿರುವ ಒಡಹುಟ್ಟಿದವರು ಇವರಿಬ್ಬರೇ.

ಏಪ್ರಿಲ್ 11
ಫೋನು. ಅಕ್ಕ. "ನಿಂಗೋಸ್ಕರ ರೂಮಿಗೆ ಬಣ್ಣ ಹೊಡೆಸಿದೀನಿ ಕಣೇ. ಆ ಹೆಂಡರ್ಸನ್‌ನಲ್ಲಿ ಬರೀ ಮಳೆ, ಒಂದು ಲಂಗ ಒಣಗಲ್ಲ, ನಿನ್ನ ಕಣ್ಣು ಒಣಗುತ್ತಾ? ಹೋಗೋದಿದ್ರೆ ಹೋಗು, ನಂಗೇನು. ನಾನು ಸತ್ತಾಗ ಮಾತ್ರ ಬರಬೇಡ."

ಹತ್ತು ನಿಮಿಷಕ್ಕೆ ತಂಗಿ. "ಅಕ್ಕಾ, ಮಾಂಗೆರೆಯಲ್ಲಿ ವಿಮಾನ ಸೂರಿನ ಮೇಲೇ ಹೋಗುತ್ತೆ. ಆದ್ರೂ ಅವಳ ಬಾಯಿಗಿಂತ ವಿಮಾನಾನೇ ಮೆತ್ತಗೆ ಬಿಡು. ಅಲ್ಲಿಗೇ ಹೋಗ್ತೀಯಾ? ಹೋಗು. ನನ್ನ ನಂಬರ್ ಅಳಿಸಿ ಹೋಗು."

ಪತಿರಾಯ ಉವಾಲೆಸಿ ಚಾಪೆಯಿಂದ ತಲೆ ಎತ್ತದೆ ತೀರ್ಪು ಕೊಟ್ಟ: "ಬಲಗಣ್ಣು ಮಾಂಗೆರೆಗೆ ಕಳಿಸು, ಎಡಗಣ್ಣು ಹೆಂಡರ್ಸನ್‌ಗೆ. ಉಳಿದಿದ್ದು ಇಲ್ಲೇ ಇದ್ದು ಅಡಿಗೆ ಮಾಡ್ಲಿ."

ಇವತ್ತು ಅವನಿಗೆ ಅರೆಬೆಂದ ಕೆಸುವಿನ ಗೆಡ್ಡೆ. ಕಣ್ಣು ಕಾಣಿಸಲಿಲ್ಲ ಎಂದೆ.

ಏಪ್ರಿಲ್ 19
ಆಕ್ಲೆಂಡ್ ನಕ್ಷೆ ಹರಡಿ ಸ್ಕೇಲು ಇಟ್ಟು ಅಳೆದೆ. ಮೂವತ್ತೆರಡು ವರ್ಷ ಹೆಡ್‌ಮಿಸ್ ಆಗಿದ್ದವಳು ಸುಮ್ಮನೆ ಅಲ್ಲ. ಎರಡು ಮನೆಗೂ ಸರಿಸುಮಾರು ನಡುವೆ ಎಪ್ಸಮ್. ಅಲ್ಲೊಂದು ಮೋಟೆಲ್. ಬುಕ್ ಮಾಡಿದೆ. ಇಬ್ಬರಿಗೂ ಒಂದೇ ಸುಳ್ಳು — ಆಸ್ಪತ್ರೆಯವರೇ ಉಳಿಸಿಕೊಳ್ಳುತ್ತಾರೆ. ಸುಳ್ಳು ಹೇಳಿದ ಮಕ್ಕಳನ್ನು ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದ ಕೈಯೇ ಇದನ್ನು ಟೈಪ್ ಮಾಡಿದ್ದು.

ಏಪ್ರಿಲ್ 28, ಭಾನುವಾರ. ಮಧ್ಯಾಹ್ನ
ಎಪ್ಸಮ್. ನಿನ್ನೆ ಬಂದಿಳಿದೆ. ಕೆಟ್ಟಿತು.

ಭಾನುವಾರ ಚರ್ಚ್ ತಪ್ಪಿಸಿ ಅಭ್ಯಾಸವಿಲ್ಲ. ಅಕ್ಕನ ಚರ್ಚೂ ಬೇಡ, ತಂಗಿಯದೂ ಬೇಡವೆಂದು ಗುರುತಿಲ್ಲದ ಮೂರನೆಯದೊಂದಕ್ಕೆ ಹೋದೆ. ಅದೂ ನಮ್ಮ ದ್ವೀಪದವರದ್ದೇ, ಹೊಸ ಮುಖ ಬಿಡುತ್ತಾರೆಯೇ? ಪಾದ್ರಿ ವೇದಿಕೆಯಿಂದಲೇ ಕೇಳಿದರು: "ಊರಿಂದ ಬಂದಿರೋ ಅಮ್ಮನವರು ಯಾರ ಮನೇಲಿ ಇಳ್ಕೊಂಡಿದೀರಿ?"

ದೇವರ ಮನೆಯಲ್ಲಿ ಎರಡನೆಯ ಸುಳ್ಳು ಹೇಗೆ ಹೇಳಲಿ. "ಎಪ್ಸಮ್ ಮೋಟೆಲ್‌ನಲ್ಲಿ" ಎಂದೆ.

ಬೀಸಣಿಗೆಗಳೆಲ್ಲ ನಿಂತವು. ಪಕ್ಕದ ಅಜ್ಜಿ ನನ್ನ ಕೈ ಹಿಡಿದು, "ನಿಂಗೆ ಯಾರೂ ಇಲ್ವೇನಮ್ಮಾ?"

ಮರ್ಯಾದೆ ಉಳಿಸಿಕೊಳ್ಳಲು ಅಂದೆ, "ಇದಾರೆ. ಇಬ್ಬರು, ಇದೇ ಊರಲ್ಲಿ." ಹೆಸರು ಕೇಳಿದರು. ಹೇಳಿದೆ. ದಡ್ಡಿ. ಒಡಹುಟ್ಟಿದವರ ಮನೆ ಇರುವ ಊರಲ್ಲಿ ಬಾಡಿಗೆ ಹಾಸಿಗೆ ಎಂದರೆ ಅವರ ಬಾಗಿಲಿಗೆ ಉಗಿದಂತೆ. ಒಬ್ಬಳು ಮುನಿಯಬಾರದೆಂದು ಲೆಕ್ಕ ಹಾಕಿದವಳು ಇಬ್ಬರಿಗೂ ಉಗಿದೆ.

ಊಟದ ಹೊತ್ತಿಗೆ ಇಬ್ಬರದ್ದೂ ಸೇರಿ ಹದಿನೇಳು ಕರೆ. ಎತ್ತಿಲ್ಲ.

ಮೇ 1, ಬುಧವಾರ
ಬಲಗಣ್ಣೊಂದರಲ್ಲೇ ಬರೆಯುತ್ತಿದ್ದೇನೆ, ಸಾಲು ಹಂದಿಯ ಬಾಲದಂತೆ ಸುತ್ತುತ್ತಿದೆ. ನಿನ್ನೆ ಎಡಗಣ್ಣು ಮುಗಿಯಿತು. ಟ್ಯಾಕ್ಸಿಯಲ್ಲಿ ಬಂದರೆ ಮೋಟೆಲ್ ಬಾಗಿಲಲ್ಲಿ ಎರಡು ಕಾರು. ಎರಡರ ಮೇಲೂ ಒಂದೊಂದು ಹಾಸಿಗೆ.

"ಕಣ್ಣು ಹೋದ್ರೆ ಹೋಗ್ಲಿ, ಬುದ್ಧಿನೂ ಹೋಯ್ತಾ?" — ಅಕ್ಕ. "ಚರ್ಚೆಲ್ಲ ಆಡ್ಕೊಂಡು ನಗ್ತಿದೆ. ನಡಿ ಮಾಂಗೆರೆಗೆ."

"ಅಲ್ಲಿಗೆ ಹೋದ್ರೆ ನಾನು ಸತ್ತೆ ಅನ್ಕೋ" — ತಂಗಿ.

ನಾನು ಒಳಗೆ ಹೋಗಿ ಮೋಟೆಲ್ ಮಂಚ ಹತ್ತಿ ಮಲಗಿದೆ. ಇಬ್ಬರೂ ತಂತಮ್ಮ ಹಾಸಿಗೆ ಇಳಿಸಿ ತಂದು ಅಕ್ಕಪಕ್ಕ ಹಾಸಿಕೊಂಡರು. ಒಬ್ಬಳು ಹೋಗುವವರೆಗೆ ಇನ್ನೊಬ್ಬಳು ಕದಲುವುದಿಲ್ಲ. ಈಗ ನನ್ನ ಎಡಕ್ಕೆ ಮಾಂಗೆರೆ, ಬಲಕ್ಕೆ ಹೆಂಡರ್ಸನ್, ನಡುವೆ ನಾನು — ನಕ್ಷೆಯಲ್ಲಿ ಅಳೆದದ್ದೇ. ಮಾತೆಲ್ಲ ನನ್ನ ಮೂಲಕ. "ಅವಳಿಗೆ ಹೇಳು, ಗೊರಕೆ ಹೊಡೀಬೇಡ ಅಂತ." "ಅವಳಿಗೆ ಹೇಳು, ಅದು ಗೊರಕೆ ಅಲ್ಲ, ಪ್ರಾರ್ಥನೆ ಅಂತ." ಮೂವತ್ತೆರಡು ವರ್ಷ ಮಕ್ಕಳ ಚಾಡಿ ಕೇಳಿದ್ದೇನೆ. ಇಷ್ಟು ಸುಸ್ತಾಗಿರಲಿಲ್ಲ.

ಮೇ 2, ಗುರುವಾರ. ಸಂಜೆ 4
ಇವತ್ತಿನಿಂದ ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಔಷಧದ ಹನಿ. ಹನಿ ಕಂಡರೆ ಕಣ್ಣು ತಾನೇ ಮುಚ್ಚಿಕೊಳ್ಳುತ್ತದೆ. ಒಬ್ಬರು ರೆಪ್ಪೆ ಬಿಡಿಸಿ ಹಿಡಿಯಬೇಕು, ಒಬ್ಬರು ಹಾಕಬೇಕು. ಹಿಡಿದವಳು ತಂಗಿ. ಸೀಸೆ ಅಕ್ಕನ ಕೈಯಲ್ಲಿ.

"ಅವಳಿಗೆ ಹೇಳು, ಇನ್ನೊಂಚೂರು ಮೇಲಕ್ಕೆ ಎತ್ತಲಿ ಅಂತ."

ನಾನು ಹೇಳಲಿಲ್ಲ. ತುಟಿ ಬಿಗಿದು ಮಲಗಿದೆ.

"ಹೇಳೇ."

ಇಲ್ಲ. ಹನಿ ಮೂಗಿಗೆ ಬಿತ್ತು. ಎರಡನೆಯದು ಕಿವಿಗೆ.

ಅಕ್ಕ ಸೀಸೆ ಮತ್ತೆ ಎತ್ತಿದಳು. ಆಮೇಲೆ, ನನ್ನ ತಲೆಯ ಮೇಲಿಂದ, ನೇರವಾಗಿ: "ಸಿಸಿ. ಮೇಲಕ್ಕೆ ಎತ್ತೇ. ಕುರಿ ಹಿಡ್ಕೊಂಡಂಗೆ ಹಿಡ್ಕೊಂಡಿದೀಯ."

"ನೀನು ನೆಟ್ಟಗೆ ಹಾಕು ಮೊದ್ಲು. ಕಿವಿಗಾ ಆಪರೇಷನ್ ಆಗಿರೋದು?"

ಹನಿ ಕಣ್ಣಿಗೇ ಬಿತ್ತು. ಉರಿಯಿತು. ನೀರು ಇಳಿಯಿತು, ಔಷಧದ್ದೇ. ಈಗ ಗೋಡೆಗೆ ತಿರುಗಿ, ಹೊದಿಕೆಯೊಳಗೆ ಇದನ್ನು ಬರೆಯುತ್ತಿದ್ದೇನೆ. ಅವರು ಹಿಂದೆ ಬೈದಾಡುತ್ತಿದ್ದಾರೆ. ಹಂದಿಯ ಬೆನ್ನಿನವರೆಗೂ ಬಂದಿದೆ. ನಡುವೆ ನಾನಿಲ್ಲ. ಒಂದು ಮಾತೂ—

"ನೋಡೇ ಅಕ್ಕಾ, ಒಕ್ಕಣ್ಣಲ್ಲಿ ಏನೋ ಬರೀತಿದಾಳೆ."

"ಕಿತ್ಕೊಳ್ಳೇ ಪೆನ್ನು. ನಾನು ಈ ಕೈ ಹಿಡೀತೀನಿ, ನೀನು ಆ