ಹೊಟ್ಟೆ ಮೇಲೆ ಪುಸ್ತಕ

ಮನೆಯ ಮಹಡಿ ಕೋಣೆ,
ಗುರುವಾರ ಸಂಜೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿದ್ದೆ ಬರ್ತಿದೆಯಾ? ನೀನು ಫೋನ್ ತೆಗೀತಿಲ್ಲ ಅಂತ ಕಾಗದ ಬರೀತಿದ್ದೀನಿ. ಚಿಕ್ಕಮ್ಮ ಹೊಟ್ಟೆ ತುಂಬಾ ಬಡಿಸಿ, ಕಿವಿ ತುಂಬಾ ಬುದ್ಧಿ ಹೇಳ್ತಿರ್ತಾಳೆ, ಗೊತ್ತು. ಊಟ ಮಾಡು, ಬುದ್ಧಿಮಾತನ್ನ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡು. ಅಮ್ಮ ಚೆನ್ನಾಗಿದ್ದಾಳೆ. ಅಪ್ಪ ಟೈರ್ ಅಂಗಡಿಗೆ ಹೋಗ್ತಾರೆ, ಬರ್ತಾರೆ, ಮಾತಿಲ್ಲ. ನೀನು ಅವರ ಮುಖ ನೋಡಲ್ಲ ಅಂತ ಹೊರಟ ಮೇಲೆ ಮನೇಲಿ ಜಗಳ ಆಡೋಕೂ ಯಾರೂ ಇಲ್ಲ.

ವಿಷಯ ಏನಂದ್ರೆ, ಪರೀಕ್ಷೆ ಕೋಣೆಯಿಂದ ಎದ್ದು ಹೋಗೋದಕ್ಕೆ ಮುಂಚೆ ನೀನು ವಿಶ್ವವಿದ್ಯಾಲಯದ ಉಸಿರಾಟದ ತರಗತಿಗೆ ಹೆಸರು ಕೊಟ್ಟಿದ್ದೆಯಲ್ಲ, ಅದನ್ನ ತೆಗೆಸೋಕೆ ಹೋದೆ. ಕಲಿಸೋ ಮೇಡಂ "ಹೇಗೂ ಬಂದಿದ್ದೀಯ, ಕೂತ್ಕೊ" ಅಂದ್ರು. ಅಕ್ಕಾ, ಅಲ್ಲಿರೋರೆಲ್ಲ ನಮ್ಮ ಹಾಗೇ ರ‍್ಯಾಂಕಿನ ಹುಚ್ಚರು. ತಗೊಳ್ಳೋ ಉಸಿರಿಗಿಂತ ಬಿಡೋ ಉಸಿರು ಉದ್ದ ಇರಲಿ, ಅಷ್ಟೇ ಪಾಠ. ಇವರು ಪಕ್ಕದವರಿಗಿಂತ ಉದ್ದ ಬಿಡೋಕೆ ಹೋಗಿ ಕೆಂಪು ಕೆಂಪಾದ್ರು. ಒಬ್ಬಳು ಇದಕ್ಕೆ ಅಂಕ ಎಷ್ಟು ಅಂದಳು. ಮಲಗಿ ಹೊಟ್ಟೆ ಮೇಲೆ ಪುಸ್ತಕ ಇಟ್ಕೊಂಡು ಅದು ಏರಿ ಇಳಿಯೋದನ್ನ ನೋಡಿ ಅಂದಾಗ, ಕಾನೂನು ಓದೋನೊಬ್ಬ ಎಲ್ಲರಿಗಿಂತ ದಪ್ಪದ್ದು ಹೇರಿಕೊಂಡು ಏದುಸಿರು ಬಿಟ್ಟ. ನಾನೋ, ಧ್ಯಾನದಲ್ಲಿ ಎಲ್ಲರನ್ನೂ ಮೀರಿಸಿದೆ ಅಂತ ಬೀಗ್ತಿದ್ದೆ, ಗೊರಕೆ ಹೊಡೀತಿದ್ದೆನಂತೆ. ಮೇಡಂ ಬೈಯಲಿಲ್ಲ. "ಇಲ್ಲಿ ಯಾರೂ ಪಾಸಾಗಬೇಕಾಗಿಲ್ಲ" ಅಂದ್ರು. ಅಂಕ ಕೇಳಿದ ಹುಡುಗಿ ಅತ್ತೇಬಿಟ್ಟಳು. ನನಗೆ ನಿನ್ನ ನೆನಪಾಯ್ತು.

ನಿನ್ನೆ ಮನೇಲಿ ನೆಲದ ಮೇಲೆ ಮಲಗಿ ಅದನ್ನೇ ಮಾಡ್ತಿದ್ದೆ. ಅಪ್ಪ ಬಂದು, "ಹೊಟ್ಟೆ ಮೇಲಿಟ್ರೆ ಓದಿದ್ದು ತಲೆಗೆ ಹೋಗುತ್ತೇನೋ?" ಅಂದ್ರು. ಯಾಕೆ ಅಂತ ಹೇಳಿದೆ. "ಅವತ್ತು ಪರೀಕ್ಷೇಲಿ ಅವಳಿಗೆ ನಿಜವಾಗ್ಲೂ ಉಸಿರು ಸಿಗಲಿಲ್ವಾ?" ಅಂತ ಕೇಳಿದ್ರು. ಸಿಗಲಿಲ್ಲ ಅಪ್ಪಾ, ಹೆದರಿಕೆ ಮಿತಿ ಮೀರಿದ್ರೆ ಹಾಗಾಗುತ್ತೆ ಅಂದೆ. ಗ್ರೀಸ್ ಹತ್ತಿದ ಅಂಗಿಯಲ್ಲೇ ನನ್ನ ಪಕ್ಕ ಮಲಗಿ ನಿಘಂಟನ್ನ ಹೊಟ್ಟೆ ಮೇಲೆ ಇಟ್ಕೊಂಡ್ರು. ಅದು ಕದಲಲೇ ಇಲ್ಲ, ಉಸಿರೆಲ್ಲ ಎದೆಯಲ್ಲೇ ಸಿಕ್ಕಿಕೊಂಡಿತ್ತು. ಆಮೇಲೆ ನೋಡಿದ್ರೆ ಕಣ್ಣೀರು ಕಿವಿಗೆ ಇಳೀತಿತ್ತು. "ಅವಳು ನಾಟಕ ಆಡ್ತಿದ್ದಾಳೆ ಅಂದ್ಬಿಟ್ನಲ್ಲೋ" ಅಂದ್ರು. ಅವರ ಮೇಲೆ ನನಗೂ ಸಿಟ್ಟಿತ್ತು, ಈಗಲೂ ಚೂರು ಇದೆ. ಆದರೂ ಪಾಪ ಅನಿಸಿತು.

ಪರೀಕ್ಷೆ ಮತ್ತೆ ಇಡ್ತಾರೆ. ಬರೀತೀಯೋ ಬಿಡ್ತೀಯೋ, ನಿನ್ನಿಷ್ಟ. ಉಸಿರಾಡ್ಕೊಂಡಿರು, ಸಾಕು. ಚಿಕ್ಕಮ್ಮನಿಗೆ ನಮಸ್ಕಾರ ಹೇಳು, ಅವಳ ಬೆಕ್ಕಿಗೂ.

ನಿನ್ನ ತಮ್ಮ,
(ತರಗತಿಯವರ ಬಾಯಲ್ಲಿ) ಗೊರಕೆರಾಯ

ತಾ.ಕ.: ಬರೋ ವಾರ ಭಾನುವಾರ ಅಪ್ಪ ಅಲ್ಲಿಗೆ ಬರ್ತಿದ್ದಾರೆ. ನಿನಗೆ ಹೇಳಬೇಡ ಅಂದಿದ್ದಾರೆ, ಗೊತ್ತಾದ್ರೆ ನೀನು ಎಲ್ಲಾದ್ರೂ ಹೊರಟುಹೋಗ್ತೀಯ ಅಂತ ಭಯ. ಹೋದ ಸಲ ನೀನು ಕೋಣೆಯಿಂದ ಆಚೆ ಬರಲೇ ಇಲ್ಲ, ಸಂಜೆವರೆಗೂ ಕಾದು ವಾಪಸ್ ಬಂದ್ರು. ಪರೀಕ್ಷೆ ಮಾತು ಎತ್ತಲ್ಲ ಅಂತ ನನ್ನ ಮೇಲೆ ಆಣೆ ಇಟ್ಟಿದ್ದಾರೆ. ತಪ್ಪಾಯ್ತು ಅನ್ನೋಕೆ ಬರ್ತಿರೋದು. ಅಭ್ಯಾಸ ಇಲ್ಲ, ತಡವರಿಸ್ತಾರೆ. ಬಾಗಿಲು ತೆಗಿ ಅಕ್ಕಾ.