ಶೇಂಗಾ ಎಣ್ಣೆಯಿಂದ ಬೆಚ್ಚಗಾಗುವ ಮನೆ

ಸ್ಥಳೀಯ ಕೌನ್ಸಿಲ್ಲಿನ ಇಂಧನ ನೆರವು ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಅಜ್ಜಿ ಕಾಶವ್ವ ಶೇಂಗಾ ಎಣ್ಣೆಯಿಂದ ಮನೆ ಕಾಯಿಸಿಕೊಳ್ಳುತ್ತಾಳೆ, ತಿಂಗಳಿಗೆ ಎರಡೇ ಲೀಟರಿನಲ್ಲಿ ಚಳಿಗಾಲ ಕಳೆಯುತ್ತಾಳೆ, ಆದ್ದರಿಂದ ಆಕೆಗೆ ನಿಮ್ಮ ನೆರವು ಬೇಕಿಲ್ಲ ಎಂದು ನೀವು ತೀರ್ಮಾನಿಸಿದ್ದೀರಿ. ತೀರ್ಮಾನದ ಕೆಳಗೆ ನಿಮ್ಮ ಸಹಿ ಇದೆ. ಎಪ್ಪತ್ತನಾಲ್ಕು ವರ್ಷದ, ಶ್ವಾಸಕೋಶ ಕೆಟ್ಟಿರುವ ಒಬ್ಬ ಹೆಂಗಸನ್ನು ನೀವು ಫೆಬ್ರವರಿಯ ಚಳಿಗೆ ಒಪ್ಪಿಸಿದ್ದೀರಿ. ಇದು ಅನ್ಯಾಯ. ಮೊದಲು ಅದನ್ನು ಹೇಳಿಬಿಡುತ್ತೇನೆ, ವಿವರ ಆಮೇಲೆ.

ಈ ಪತ್ರ ಕನ್ನಡದಲ್ಲಿ ಏಕಿದೆ ಎಂದು ನೀವು ಕೇಳಬಹುದು. ನಿಮ್ಮ ನಿರಾಕರಣೆಯ ಪತ್ರದ ಎರಡನೆಯ ಪ್ಯಾರಾದಲ್ಲಿ, "ಅರ್ಜಿದಾರರ ಜೊತೆ ಅವರ ಮಾತೃಭಾಷೆಯಲ್ಲಿಯೇ ಪೂರ್ಣವಾಗಿ ಸಂವಹನ ನಡೆಸಲಾಗಿದೆ" ಎಂದು ಬರೆದಿದ್ದೀರಿ. ಇಷ್ಟು ಚೆನ್ನಾಗಿ ಕನ್ನಡ ಬಲ್ಲ ಕಚೇರಿಗೆ ಇಂಗ್ಲಿಷಿನಲ್ಲಿ ಬರೆದು ಅವಮಾನ ಮಾಡುವುದೇ? ಅನುವಾದ ಲಗತ್ತಿಸಿಲ್ಲ. ಇದರ ಪ್ರತಿಗಳನ್ನು ಲಂಡನ್ನಿನ ಕಿಂಗ್ಸ್‌ಬರಿಯ ದಿನಸಿ ಅಂಗಡಿಯ ಬೋರ್ಡಿಗೆ ಅಂಟಿಸಿದ್ದೇನೆ, ಕನ್ನಡ ಕೂಟದ ಪತ್ರಿಕೆಗೂ ಕಳಿಸಿದ್ದೇನೆ. ಅಲ್ಲಿ ಓದುವವರಲ್ಲಿ ಹೆಚ್ಚಿನವರು ಗ್ಯಾಸ್ ಬಾಯ್ಲರಿನ ಮನೆಗಳವರು. ಅವರಿಗಾಗಿ ಒಂದು ಮಾತು ಬಿಡಿಸಿ ಹೇಳಬೇಕು.

ಲಂಡನ್ ಎಂದರೆ ಎಲ್ಲ ಬೀದಿಯ ಕೆಳಗೂ ಗ್ಯಾಸ್ ಪೈಪು ಹರಿಯುತ್ತದೆ ಎಂದು ನಾವೂ ನಂಬಿದ್ದೆವು. ಹರಿಯುವುದಿಲ್ಲ. ಊರಿನ ವಾಯವ್ಯ ಅಂಚಿನಲ್ಲಿ, ಹಿಂದೆ ಯಾವುದೋ ಹೊಲದ ಆಳುಗಳಿಗೆಂದು ಕಟ್ಟಿದ ಆರು ಮನೆಗಳ ಒಂದು ಓಣಿಯಲ್ಲಿ ನಮ್ಮ ಬಾಡಿಗೆ ಮನೆಯಿದೆ. ಪ್ರತಿ ಮನೆಯ ಹಿತ್ತಲಲ್ಲಿ ಒಂದು ಹಸಿರು ಟ್ಯಾಂಕು. ಲಾರಿ ಬಂದು ಅದಕ್ಕೆ ಎಣ್ಣೆ ತುಂಬಿಸುತ್ತದೆ, ಬಾಯ್ಲರ್ ಅದನ್ನು ಸುಡುತ್ತದೆ, ಆಗ ಗೋಡೆಯ ರೇಡಿಯೇಟರುಗಳು ಬಿಸಿಯಾಗುತ್ತವೆ. ಇಲ್ಲಿನವರು ಅದನ್ನು "ಹೀಟಿಂಗ್ ಆಯಿಲ್" ಎನ್ನುತ್ತಾರೆ. ನಾವು ಬಂದ ಮೊದಲ ವಾರ ಲಾರಿಯ ಕೊಳವೆಯ ಹತ್ತಿರ ನಿಂತಿದ್ದ ಅಜ್ಜಿ ಮೂಗು ಅರಳಿಸಿ, "ಇದು ನಮ್ಮ ಚಿಮಣಿ ಎಣ್ಣೀನಲ್ಲೇನ?" ಎಂದಳು. ಹೌದು. ಬೆಂಗಳೂರಿನವರು ಸೀಮೆಎಣ್ಣೆ ಎನ್ನುವ, ನಮ್ಮ ವಿಜಯಪುರದ ಕಡೆ ಚಿಮಣಿ ಎಣ್ಣೆ ಎನ್ನುವ ಅದೇ ಎಣ್ಣೆ. ಅವತ್ತು ಅಜ್ಜಿ ಬಹಳ ನಕ್ಕಳು. "ಅಲ್ಲಿ ರೇಷನ್ ಅಂಗಡ್ಯಾಗ ಮಾಪು ಹಿಡಿದು ಅಳೀತಿದ್ರು. ಇಲ್ಲಿ ಲಾರಿ ತುಂಬ ತಂದು ಸುರೀತಾರ. ಸಾಹೇಬರ ದೇಶ ಬಿಡು."

ಅಜ್ಜಿಗೆ ಗೊತ್ತಿರಲಿಲ್ಲ, ಆ ರೇಷನ್ ಅಂಗಡಿಯಲ್ಲಿದ್ದ ಒಂದು ವಸ್ತು ಈ ಸಾಹೇಬರ ದೇಶದಲ್ಲಿ ಇಲ್ಲ: ಇವತ್ತಿನ ದರವನ್ನೂ ಉಳಿದ ದಾಸ್ತಾನನ್ನೂ ಸೀಮೆಸುಣ್ಣದಲ್ಲಿ ಬರೆದಿಡುವ ಕಪ್ಪು ಹಲಗೆ. ಆ ಅಂಗಡಿಯವನು ಕಳ್ಳನೇ ಇದ್ದಿರಬಹುದು. ಆದರೆ ಕಳ್ಳತನವನ್ನು ಹಲಗೆಯ ಮುಂದೆ ನಿಂತು ಮಾಡಬೇಕಿತ್ತು. ಇಲ್ಲಿ ಗ್ಯಾಸಿಗೂ ಕರೆಂಟಿಗೂ ಸರ್ಕಾರ ಕಟ್ಟಿದ ಬೆಲೆಯ ಮಿತಿಯಿದೆ. ಎಣ್ಣೆಗೆ ಇಲ್ಲ. ಬೆಳಿಗ್ಗೆ ಒಂದು ದರ, ಮಧ್ಯಾಹ್ನ ಇನ್ನೊಂದು. ಐನೂರು ಲೀಟರಿಗಿಂತ ಕಡಿಮೆ ಕೇಳಿದರೆ ಲಾರಿಯೇ ಹೊರಡುವುದಿಲ್ಲ. ಒಂದು ವೇಳೆ ಹೊರಟರೆ ಲೀಟರಿಗೆ ಹೆಚ್ಚು. ಒಟ್ಟಿಗೆ ಕೊಳ್ಳಲು ಶಕ್ತಿಯುಳ್ಳವನಿಗೆ ಅಗ್ಗ, ಇಲ್ಲದವನಿಗೆ ತುಟ್ಟಿ. ಬಡತನಕ್ಕೆ ದಂಡ ಹಾಕುವ ಈ ಏರ್ಪಾಟಿಗೆ ನಿಮ್ಮ ಕಚೇರಿಯ ಭಾಷೆಯಲ್ಲಿ "ಮುಕ್ತ ಆಯ್ಕೆ" ಎಂದು ಹೆಸರು.

ನೀವು ಹಂಚುವ ಕರಪತ್ರವನ್ನು ನಾನು ಹತ್ತು ಸಲ ಓದಿದ್ದೇನೆ. ಕರಪತ್ರ ಓದುವುದು ನನ್ನ ಚಟ. ಸ್ಟ್ರಾಟ್‌ಫರ್ಡ್ ಸ್ಟೇಷನ್ನಿನ ಹೊರಗೆ ಮಡಿಸುವ ಮೇಜಿಟ್ಟುಕೊಂಡು ಕ್ರಾಂತಿಯ ಕರಪತ್ರ ಮಾರುವವರಿಂದ ಕೊಂಡ ಮೂವತ್ತು ನಲವತ್ತು ನನ್ನ ಹಾಸಿಗೆಯ ಕೆಳಗಿವೆ. ನಾನು ಕಾಲೇಜಿನಲ್ಲಿ ಕಲಿತದ್ದು ಕಡಿಮೆ, ಅವುಗಳಲ್ಲಿ ಕಲಿತದ್ದು ಹೆಚ್ಚು. ಆದರೆ ನಿಮ್ಮದರಷ್ಟು ಧೈರ್ಯದ ಕರಪತ್ರ ಇನ್ನೊಂದಿಲ್ಲ. "ನಿಮ್ಮ ಪ್ರದೇಶದ ಮಾರಾಟಗಾರರ ಬೆಲೆಗಳನ್ನು ಹೋಲಿಸಿ ನೋಡಿ, ಉಳಿಸಿ" ಎನ್ನುತ್ತದೆ ಅದು. ಹೋಲಿಸಿದೆವು. ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ದುಡಿಯುವ ನನ್ನ ಅಪ್ಪ ಶೇಖರಪ್ಪ ಊಟದ ವಿರಾಮದಲ್ಲಿ ಫೋನು ಹಿಡಿದು, ನಮ್ಮ ಪೋಸ್ಟ್‌ಕೋಡ್ ಹಾಕಿ ಹಾಕಿ ನೋಡಿದರು. ಮೂರು ಹೆಸರು ಬಂದವು. ಒಂದು ಸಲ ಮೊದಲನೆಯವರಿಂದ ತರಿಸಿದೆವು, ಮುಂದಿನ ಸಲ ಎರಡನೆಯವರಿಂದ. ಎರಡು ಸಲವೂ ಬಂದದ್ದು ಒಂದೇ ಲಾರಿ, ಇಳಿದವನು ಅದೇ ಚಾಲಕ. ಅಪ್ಪ ಕೇಳಿದ್ದಕ್ಕೆ ಆತ ಪಾಪ, "ಹೆಸರು ಮೂರು, ಮಾಲೀಕ ಒಬ್ಬನೇ" ಎಂದು ಕಣ್ಣು ಮಿಟುಕಿಸಿದ. ಒಂದು ಲಾರಿಯನ್ನು ಅದೇ ಲಾರಿಯ ಜೊತೆ ಹೋಲಿಸುವುದು ಹೇಗೆಂದು ಕರಪತ್ರದ ಮುಂದಿನ ಮುದ್ರಣದಲ್ಲಿ ದಯವಿಟ್ಟು ತಿಳಿಸಿ.

ಸುಮ್ಮನೆ ಕೂತು ದೂರುವವಳಲ್ಲ ನಾನು. ಅಕ್ಟೋಬರಿನಲ್ಲಿ ಚೀಟಿ ಬರೆದು ಉಳಿದ ಐದು ಮನೆಗಳ ಬಾಗಿಲ ಸಂದಿಯಲ್ಲಿ ಹಾಕಿದೆ. ಎಲ್ಲರೂ ಸೇರಿ ಒಂದೇ ಸಲ ತರಿಸೋಣ, ದರ ಇಳಿಯುತ್ತದೆ ಎಂದು. ಐದೂ ಮನೆಯವರು ಒಪ್ಪಿದರು. ಮಾರಾಟಗಾರನೂ ಒಪ್ಪಿ ದರ ಹೇಳಿದ, ದಿನ ಹೇಳಿದ. ಅಷ್ಟರಲ್ಲಿ ಹವಾಮಾನದವರು ಹಿಮ ಬೀಳುತ್ತದೆ ಎಂದರು. ಮರುದಿನವೇ "ದಾಸ್ತಾನು ಇಲ್ಲ, ಆರ್ಡರ್ ರದ್ದು" ಎಂಬ ಸಂದೇಶ. ಅದೇ ಸಂಜೆ ಅವನ ವೆಬ್‌ಸೈಟಿನಲ್ಲಿ ದಾಸ್ತಾನು ಬೇಕಾದಷ್ಟಿತ್ತು, ಹೊಸ ದರದಲ್ಲಿ. ಹಿಮ ಬೀಳಲಿಲ್ಲ. ದರ ಮಾತ್ರ ಏರಿತು. ನಿಮಗೆ ದೂರು ಬರೆದೆ. "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದು ಉತ್ತರ ಬಂತು. ನಿಮ್ಮ ವ್ಯಾಪ್ತಿ ಎಷ್ಟು ದೂರದವರೆಗಿದೆ ಎಂದು ತಿಳಿಯುವುದಕ್ಕೂ ಒಂದು ಕೋಲು ಬೇಕಾದೀತು.

ಕೋಲು ಎಂದೆ. ನಮ್ಮ ಮನೆಯಲ್ಲಿ ಒಂದಿದೆ. ಹಳೆಯ ಕಸಬರಿಗೆಯ ಹಿಡಿ. ಅಪ್ಪ ಅದನ್ನು ಟ್ಯಾಂಕಿಗೆ ಇಳಿಸಿ ಎತ್ತುತ್ತಾರೆ, ಎಣ್ಣೆ ಅಂಟಿದ ಕಡೆ ಅಜ್ಜಿ ನನ್ನ ಕೆಂಪು ನೇಲ್ ಪಾಲಿಶಿನಿಂದ ಗೀಟು ಹಾಕುತ್ತಾಳೆ. ನಿಮ್ಮ ಇಲಾಖೆ "ಇಂಧನ ನಿರ್ವಹಣೆ" ಎಂದು ಯಾವುದನ್ನು ಕರೆಯುತ್ತದೋ ಅದು ನಮ್ಮಲ್ಲಿ ಈ ಕೋಲು. ಡಿಸೆಂಬರಿನಲ್ಲಿ ಗೀಟು ಮೊಣಕಾಲಿನಷ್ಟು ಎತ್ತರದಲ್ಲಿತ್ತು. ಆಗಲೇ ನಾವು ನೆರವಿಗೆ ಅರ್ಜಿ ಹಾಕಿದ್ದು. ಅಜ್ಜಿಯ ಹೆಸರಿನಲ್ಲಿ, ಏಕೆಂದರೆ ಕಾಯಿಲೆ ಆಕೆಯದು. "ಆಕೆಯ ಕೋಣೆ ಹದಿನೆಂಟು ಡಿಗ್ರಿಗಿಂತ ಕೆಳಗೆ ಇಳಿಯಬಾರದು" ಎಂಬ ನಮ್ಮ ಜಿಪಿ ಡಾಕ್ಟರ ಚೀಟಿಯನ್ನೂ ಜೊತೆಗಿಟ್ಟೆವು.

ಜನವರಿಯ ಒಂದು ಗುರುವಾರ ಬೆಳಿಗ್ಗೆ ಹತ್ತೂವರೆಗೆ ನಿಮ್ಮ ಕಚೇರಿಯಿಂದ ಫೋನು ಬಂತು. ಅಪ್ಪ ಕಾರ್ಖಾನೆಯಲ್ಲಿ, ನಾನು ಕೆಲಸ ಮಾಡುವ ಗೋದಾಮಿನಲ್ಲಿ. ಮನೆಯಲ್ಲಿ ಅಜ್ಜಿ ಒಬ್ಬಳೇ. ಒಂದು ತುದಿಯಲ್ಲಿ ನಿಮ್ಮ ಅಧಿಕಾರಿ, ನಡುವೆ ಒಬ್ಬ ಕನ್ನಡ ದುಭಾಷಿ. ಆ ಕರೆಯ ಧ್ವನಿಮುದ್ರಣವನ್ನು ಕಾಯ್ದೆಯ ಪ್ರಕಾರ ಅರ್ಜಿ ಹಾಕಿ ತರಿಸಿಕೊಂಡಿದ್ದೇನೆ. ದುಭಾಷಿಯ ಹೆಸರು ಕೃತಿ. ಬೆಂಗಳೂರಿನ ತಂದೆತಾಯಿಗೆ ಇಲ್ಲಿಯೇ ಹುಟ್ಟಿದ ಹುಡುಗಿಯಂತೆ. ಒಳ್ಳೆಯ ದನಿ.

"ಅಜ್ಜಿ, ನಿಮ್ಮ ಮನೇಲಿ ಬಿಸಿ ಮಾಡೋ ಎಣ್ಣೆ ತಿಂಗಳಿಗೆ ಎಷ್ಟು ಯೂಸ್ ಮಾಡ್ತೀರಾ?"

"ಕಾಸೂ ಎಣ್ಣಿ ಏನವಾ? ಎರಡು ಲೀಟರ್ ಹತ್ತತೈತಿ. ಹಬ್ಬ ಹುಣ್ಣಿವಿ ಬಂದ್ರ ಮೂರು."

"ಯಾವ ಕಂಪನೀದು ತಗೋತೀರಾ?"

"ಕಂಪನಿ ಗಿಂಪನಿ ನನಗೇನ ತಿಳೀತೈತಿ. ಶೇಂಗಾದ್ದು. ನಮ್ಮ ಮನ್ಯಾಗ ಬ್ಯಾರೇದ್ದು ನಡಿಯೂದಿಲ್ಲ."

"ಅದನ್ನ ಎಲ್ಲಿಡ್ತೀರಾ ಅಜ್ಜಿ?"

"ಒಲಿ ಬಾಜೂಕ, ಸ್ಟೀಲ್ ಡಬ್ಬ್ಯಾಗ. ಮತ್ತೆಲ್ಲಿಡ್ಲಿ, ದೇವರ ಮುಂದ?"

"ರೇಟ್ ಎಲ್ಲ ಕಂಪೇರ್ ಮಾಡ್ತೀರಾ?"

"ಮಾಡ್ದ ಬಿಡ್ತೀನೇನು? ಮಗನ್ನ ನಾಲ್ಕು ಅಂಗಡಿ ತಿರುಗಸ್ತೀನಿ. ಕಿಂಗ್ಸ್‌ಬರ್‍ಯಾಗ ಅಗ್ಗ."

ಬೆಂಗಳೂರಿನ ಮನೆಯಲ್ಲಿ ಅದು ಕಡಲೆಕಾಯಿ ಎಣ್ಣೆ. ಶೇಂಗಾ ಎಂಬ ಪದ ಆ ಹುಡುಗಿಯ ಕಿವಿಗೆ ಎಂದೂ ಬಿದ್ದಿರಲಿಲ್ಲ. ಆಕೆ ಅದನ್ನು ಕಂಪನಿಯ ಹೆಸರೆಂದುಕೊಂಡಳು. ಅಜ್ಜಿ ಕರಿಯುವ ಎಣ್ಣೆಯ ಲೆಕ್ಕ ಕೊಟ್ಟಳು. ಪರಿಣಾಮವಾಗಿ ನಿಮ್ಮ ಕಡತದಲ್ಲಿ ಹೀಗಿದೆ: "ಬಳಕೆ: ತಿಂಗಳಿಗೆ ಎರಡು ಲೀಟರ್, ಹಬ್ಬದ ತಿಂಗಳು ಮೂರು. ಪೂರೈಕೆದಾರರು: ಶೇಂಗಾ. ಅರ್ಜಿದಾರರು ಸ್ಥಳೀಯ ಬೆಲೆಗಳನ್ನು ಸಮರ್ಥವಾಗಿ ಹೋಲಿಸಿ ಕಿಂಗ್ಸ್‌ಬರಿಯಲ್ಲಿ ಅಗ್ಗದ ಮೂಲ ಕಂಡುಕೊಂಡಿದ್ದಾರೆ." ಒಲೆಯ ಪಕ್ಕದಲ್ಲಿ ಇಂಧನ ಇಡಬಾರದೆಂದು ಬೆಂಕಿ ಸುರಕ್ಷತೆಯ ಪುಸ್ತಿಕೆಯೊಂದನ್ನೂ ಕಳಿಸಿದಿರಿ. ನೆರವು ಬರಲಿಲ್ಲ, ಪುಸ್ತಿಕೆ ಬಂತು.

ಕೃತಿಯ ಮೇಲೆ ನನಗೆ ಸಿಟ್ಟಿಲ್ಲ. ನಿಮಿಷದ ಲೆಕ್ಕದಲ್ಲಿ ಕೂಲಿ ಪಡೆಯುವವಳು ಆಕೆ. ಸಿಟ್ಟು ನಿಮ್ಮ ಮೇಲೆ. ಮೂರು ಮಲಗುವ ಕೋಣೆಯ ಮನೆಯೊಂದು ತಿಂಗಳಿಗೆ ಎರಡು ಲೀಟರ್ ಎಣ್ಣೆಯಲ್ಲಿ ಬೆಚ್ಚಗಾಗುತ್ತದೆ ಎಂದು ನಿಮ್ಮ ಕಚೇರಿಯ ಎಷ್ಟು ಮೇಜುಗಳು ದಾಟಿಸಿದವು? ಒಬ್ಬರಾದರೂ ತಲೆಯೆತ್ತಿ "ಇದು ಹೇಗೆ ಸಾಧ್ಯ?" ಎನ್ನಲಿಲ್ಲವೇ? ಅರ್ಜಿಯಲ್ಲೇ ಟ್ಯಾಂಕಿನ ಫೋಟೋ ಇತ್ತು. ಅದನ್ನು ನೋಡಲು ಯಾವ ದುಭಾಷಿ ಬೇಕಿತ್ತು?

ಈ ಧ್ವನಿಮುದ್ರಣವನ್ನು ಕಿಂಗ್ಸ್‌ಬರಿಯ ಅನಂತಮೂರ್ತಿ ಅಂಕಲ್ ಅವರಿಗೆ ಕೇಳಿಸಿದೆ. ಐಟಿ ಕೆಲಸದಿಂದ ನಿವೃತ್ತರು, ಕೂಟದ ಪತ್ರಿಕೆ ನೋಡಿಕೊಳ್ಳುವವರು, ಜಗಳವೆಂದರೆ ಆಗದವರು. ಶೇಂಗಾ ಬಂದಾಗ ಸೋಫಾದಲ್ಲಿ ಬಿದ್ದು ನಕ್ಕರು. "ಇದನ್ನ ನಗೆಹನಿ ಕಾಲಮ್ಮಿಗೆ ಹಾಕೋಣ ಕಣಮ್ಮ. ಕೌನ್ಸಿಲ್‌ಗೆ ಒಂದು ಪೊಲೈಟ್ ಇಮೇಲ್ ಕಳಿಸು ಸಾಕು. ನೀನು ಪಾಂಪ್ಲೆಟ್ ಓದಿ ಓದಿ ಎಲ್ಲದರಲ್ಲೂ ಕ್ರಾಂತಿ ಹುಡುಕ್ತೀಯ."

"ಕೊನೆ ತನಕ ಕೇಳಿ ಅಂಕಲ್," ಎಂದೆ.

ಕೊನೆಯಲ್ಲಿ ಕೃತಿ ಕೇಳುತ್ತಾಳೆ, "ಅಜ್ಜಿ, ಮನೆ ಬೆಚ್ಚಗಿದೆಯಾ? ನೀವು ಹೇಗಿದೀರಾ?"

ಅಜ್ಜಿ ಕೆಮ್ಮುತ್ತಾಳೆ. ಮತ್ತೆ ಕೆಮ್ಮುತ್ತಾಳೆ. ಆಮೇಲೆ, "ಆರಾಮ ಅದೀನವಾ. ನೀ ಆರಾಮ ಅದೀಯಿಲ್ಲೊ? ನಾಷ್ಟಾ ಆತ?"

ಅಂಕಲ್ ನಗಲಿಲ್ಲ. ಅವರ ಹೆಂಡತಿ ಅಂಬುಜಾ ಆಂಟಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. "ನಗೆಹನಿ ಬೇಡ ರೀ," ಎಂದಷ್ಟೇ ಹೇಳಿ ಒಳಗೆ ಹೋದರು. ಪತ್ರಿಕೆಯ ಮೊದಲ ಪುಟ ನನಗೆ ಸಿಕ್ಕಿದ್ದು ಹಾಗೆ.

ನಿಮ್ಮ ಕಡತದ ಕೊನೆಯ ಸಾಲು: "ಮನೆ ಬೆಚ್ಚಗಿದೆ, ತಾನು ಆರಾಮವಾಗಿದ್ದೇನೆ ಎಂದು ಅರ್ಜಿದಾರರೇ ದೃಢಪಡಿಸಿದ್ದಾರೆ."

ಮಾನ್ಯರೇ, ನಮ್ಮ ಕಡೆ "ಆರಾಮ" ಎಂಬುದು ವರದಿಯಲ್ಲ, ಮರ್ಯಾದೆ. ಮೈಯಲ್ಲಿ ಜ್ವರವಿದ್ದವರೂ ಹೇಳುತ್ತಾರೆ, ಸಾವಿನ ಮನೆಯಿಂದ ಈಗಷ್ಟೇ ಎದ್ದು ಬಂದವರೂ ಹೇಳುತ್ತಾರೆ. ಅಪರಿಚಿತ ಹುಡುಗಿಯೊಬ್ಬಳು ಫೋನಿನಲ್ಲಿ ಕ್ಷೇಮ ಕೇಳಿದರೆ ಆಕೆಯ ಮಡಿಲಿಗೆ ತನ್ನ ಸಂಕಟ ಸುರಿಯಬಾರದೆಂದು ಕಲಿತ ಹೆಂಗಸು ನನ್ನ ಅಜ್ಜಿ. ಆ ಮರ್ಯಾದೆಯನ್ನು ನೀವು ಸಾಕ್ಷ್ಯ ಮಾಡಿಕೊಂಡಿರಿ. ಕೆಮ್ಮನ್ನು ಬಿಟ್ಟಿರಿ. ಅದನ್ನು ಅನುವಾದಿಸಬೇಕಾಗಿಯೂ ಇರಲಿಲ್ಲ, ಅದು ಇಂಗ್ಲಿಷಿನಲ್ಲೂ ಕೆಮ್ಮೇ.

ಕರೆಯ ಹೊತ್ತಿನಲ್ಲಿ ಮನೆ ಎಷ್ಟು ಬೆಚ್ಚಗಿತ್ತು ಎಂಬುದೂ ನನಗೆ ಈಗ ಗೊತ್ತು. ನಾವು ಕೆಲಸಕ್ಕೆ ಹೊರಟ ಕೂಡಲೇ ಅಜ್ಜಿ ಹೀಟಿಂಗ್ ಆರಿಸುತ್ತಿದ್ದಳು. ಇಡೀ ದಿನ ಕೌದಿ ಹೊದ್ದು ಅಡುಗೆಮನೆಯಲ್ಲಿ ಕೂತು, ನಾವು ಬರುವ ಅರ್ಧ ಗಂಟೆ ಮುಂಚೆ ಮತ್ತೆ ಹಚ್ಚುತ್ತಿದ್ದಳು. ಹೋದ ಸೋಮವಾರ ಬೇಗ ಬಂದ ನನ್ನ ಕೈಗೆ ಸಿಕ್ಕಿಬಿದ್ದಳು. ಗೋಡೆಯ ಮೀಟರಿನಲ್ಲಿ ಹನ್ನೊಂದು ಡಿಗ್ರಿ.

"ಹಿಂಗ್ಯಾಕ ಆಯಿ?" ಎಂದು ಅಜ್ಜಿಯನ್ನು ಕೇಳಿದೆ.

"ಒಬ್ಬಾಕಿ ಸಲುವಾಗಿ ಇಷ್ಟ ದೊಡ್ಡ ಮನಿ ಕಾಸೂದೇನ? ಗೀಟು ನೋಡೀಯಿಲ್ಲ? ನಿಮ್ಮಪ್ಪಗ ಹೇಳಬ್ಯಾಡ."

ಅಪ್ಪನಿಗೆ ಹೇಳಿದೆ. ಈಗ ಎಲ್ಲರಿಗೂ ಹೇಳುತ್ತಿದ್ದೇನೆ. ಅಜ್ಜಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಇರಲಿ.

ಕೋಲು ಈಗ ನಾಲ್ಕು ಬೆರಳಿನಷ್ಟು ಮಾತ್ರ ಒದ್ದೆಯಾಗುತ್ತದೆ. ಅಪ್ಪನ ಅಂದಾಜಿನಲ್ಲಿ ಫೆಬ್ರವರಿ ಹದಿಮೂರು, ಶುಕ್ರವಾರ ಬಾಯ್ಲರ್ ನಿಲ್ಲುತ್ತದೆ. ಆದ್ದರಿಂದ ನಾನು ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಆ ತೀರ್ಮಾನವನ್ನು ರದ್ದು ಮಾಡಿ, ಟ್ಯಾಂಕಿಗೆ ಎಣ್ಣೆ ಹಾಕಿಸಿ. ಎಣ್ಣೆ ಮಾರುವವರೆಲ್ಲರ ಅಂದಂದಿನ ದರ, ದಾಸ್ತಾನು ಮತ್ತು ಅಸಲಿ ಮಾಲೀಕನ ಹೆಸರನ್ನು ಎಲ್ಲರೂ ಕಾಣುವಂತೆ ನಿಮ್ಮ ಕಚೇರಿಯ ಗೋಡೆಗೆ ಬರೆಸಿ. ಸೀಮೆಸುಣ್ಣದ ಡಬ್ಬಿ ನಾನೇ ತಂದುಕೊಡುತ್ತೇನೆ.

ಅದಕ್ಕೂ ಮೊದಲು ನಮ್ಮ ಮನೆಗೆ ಬನ್ನಿ. ದುಭಾಷಿ ಬೇಕಿಲ್ಲ. ಒಲೆಯ ಪಕ್ಕದ ಡಬ್ಬಿಯನ್ನೊಮ್ಮೆ ಮೂಸಿ, ಹಿತ್ತಲ ಟ್ಯಾಂಕನ್ನೊಮ್ಮೆ ಮೂಸಿ. ಕೋಟು ಬಿಚ್ಚಿಟ್ಟು ಅಜ್ಜಿಯ ಎದುರು ಒಂದು ಗಂಟೆ ಕೂತುಕೊಳ್ಳಿ. ಆಕೆ ಖಂಡಿತ ಆರಾಮ ಎನ್ನುತ್ತಾಳೆ, ನಂಬಬೇಡಿ. ಕೈ ಮುಟ್ಟಿ ನೋಡಿ. ನೀವು ಬರಬೇಕಾದ ದಿನ ನಾನೂ ಅಪ್ಪನೂ ರಜೆ ಹಾಕಿದ್ದೇವೆ. ಓಣಿಯ ಉಳಿದ ಐದು ಮನೆಯವರೂ ಟ್ಯಾಂಕಿನ ಹತ್ತಿರ ನಿಂತಿರುತ್ತಾರೆ. ನೀವು ಫೋನು ಮಾಡಿದ ವಾರದ ಅದೇ ದಿನ, ಅದೇ ಹೊತ್ತು: ಫೆಬ್ರವರಿ ಹನ್ನೆರಡು, ಗುರುವಾರ, ಬೆಳಿಗ್ಗೆ ಹತ್ತೂವರೆ.

ಇಂತಿ,
ಆರಾಮ ಇಲ್ಲದ
ಸ್ಫೂರ್ತಿ ಶೇಖರಪ್ಪ
("ಶೇಂಗಾ" ಕಂಪನಿಯ ಹಳೆಯ ಗಿರಾಕಿ ಕಾಶವ್ವನ ಮೊಮ್ಮಗಳು)